ಸರ್ವಿಸ್ ಪಟ್ಟಿಯಲ್ಲಿ ಯಾವುದಕ್ಕೆ ಹೂಂ ಅನ್ನಬೇಕು

ಕಾರನ್ನು ಸರ್ವಿಸ್‌ಗೆ ಬಿಟ್ಟು ಆಫೀಸು ತಲುಪುವಷ್ಟರಲ್ಲಿ ಫೋನ್ ಬರುತ್ತದೆ. “ಥ್ರಾಟಲ್ ಬಾಡಿ ಗಲೀಜಾಗಿದೆ, ಇಂಜೆಕ್ಟರ್ ಕ್ಲೀನಿಂಗ್ ಮಾಡಿಸಿದರೆ ಒಳ್ಳೆಯದು, ಬ್ರೇಕ್ ಆಯಿಲ್ ಹಳೆಯದಾಗಿದೆ, ಎಸಿ ಗ್ಯಾಸ್ ಸ್ವಲ್ಪ ಕಮ್ಮಿ ಇದೆ, ಎಲ್ಲಾ ಸೇರಿಸಿ ಮಾಡಿಬಿಡಲಾ?” ನಾಲ್ಕು ಕೆಲಸ, ಒಂದೇ ಉಸಿರು. ಇವುಗಳಲ್ಲಿ ಒಂದನ್ನು ವರ್ಷಗಟ್ಟಲೆ ಮುಂದೂಡಿದರೆ ಪ್ರಾಣಕ್ಕೆ ಕುತ್ತು. ಇನ್ನೊಂದಕ್ಕೆ ಕೊಡುವ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಯಾವುದು ಯಾವುದು ಎಂದು ಫೋನಿನಲ್ಲೇ ಗುರುತಿಸಬೇಕು. ಇವತ್ತಿನ ಮಾತೆಲ್ಲ ಅದಕ್ಕಾಗಿ.

ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಿ. ಆ ಕಡೆಯಿಂದ ಬರುವ ಮಾತಿನಲ್ಲಿ ಸಂಖ್ಯೆ ಇದೆಯೇ ಎಂದು ಕಿವಿಗೊಟ್ಟು ಕೇಳಿ. ‘ಗಲೀಜಾಗಿದೆ’, ‘ಕಪ್ಪಾಗಿದೆ’, ‘ವೀಕ್ ಆಗಿದೆ’ ಎನ್ನುವುದು ವರ್ಣನೆ. ‘ಪ್ಯಾಡ್ 3 ಮಿ.ಮೀ. ಉಳಿದಿದೆ’, ‘ಬ್ರೇಕ್ ಆಯಿಲ್ ಹಾಕಿ 3 ವರ್ಷ ಆಯಿತು’, ‘ಬ್ಯಾಟರಿ 12.1 ವೋಲ್ಟ್ ತೋರಿಸುತ್ತಿದೆ’ ಎನ್ನುವುದು ಅಳತೆ. ವರ್ಣನೆ ಮಾತ್ರ ಬಂದರೆ, “ಎಷ್ಟಿದೆ? ಎಷ್ಟಿರಬೇಕು?” ಎಂದು ಕೇಳಿ. ಅಳತೆ ಮಾಡಿ ನೋಡಿದ ಮೆಕ್ಯಾನಿಕ್‌ಗೆ ಈ ಪ್ರಶ್ನೆಯಿಂದ ಖುಷಿಯೇ ಆಗುತ್ತದೆ. ಅಳತೆ ಮಾಡದವರು ಹೋಗಿ ಅಳೆದುಕೊಂಡು ಬರುತ್ತಾರೆ, ಇಲ್ಲವೇ ಆ ಕೆಲಸವನ್ನು ಪಟ್ಟಿಯಿಂದ ತೆಗೆಯುತ್ತಾರೆ. ಎರಡರಿಂದಲೂ ನಿಮಗೆ ಲಾಭವೇ.

‘ಎಷ್ಟಿರಬೇಕು’ ಎಂಬುದಕ್ಕೆ ಉತ್ತರ ಕಾರಿನ ಕೈಪಿಡಿಯಲ್ಲಿದೆ. ಗ್ಲವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಲಗಿರುವ ಆ ಪುಸ್ತಕದ ಕೊನೆಯ ಭಾಗದಲ್ಲಿ ಸರ್ವಿಸ್ ಕೋಷ್ಟಕ ಇರುತ್ತದೆ. ಪ್ರತಿಯೊಂದು ಕೆಲಸದ ಎದುರು ಕಿಲೋಮೀಟರ್ ಮತ್ತು ತಿಂಗಳು, ಎರಡೂ ಬರೆದಿರುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಕಾರು ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡಿದರೆ ಕಿಲೋಮೀಟರ್ ನೋಡಿ ಕೂರಬೇಡಿ, ತಿಂಗಳ ಲೆಕ್ಕ ಹಿಡಿಯಿರಿ. ಅನೇಕ ಕೈಪಿಡಿಗಳಲ್ಲಿ ಇಂಥ ಕೋಷ್ಟಕಗಳು ಎರಡಿರುತ್ತವೆ. ಒಂದು ಸಾಮಾನ್ಯ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ಕಠಿಣ ಅಂದ ಕೂಡಲೇ ಗುಡ್ಡಗಾಡು, ಮರಳುಗಾಡು ಎಂದು ನಾವು ಊಹಿಸುತ್ತೇವೆ. ಕಾರು ತಯಾರಿಸಿದವರ ಪಟ್ಟಿಯಲ್ಲಿ ಬೇರೆಯದೇ ಇದೆ: ಪ್ರತಿ ಸಲ ಏಳೆಂಟು ಕಿ.ಮೀ. ಒಳಗಿನ ಓಡಾಟ, ಟ್ರಾಫಿಕ್‌ನಲ್ಲಿ ನಿಂತಲ್ಲೇ ಎಂಜಿನ್ ಚಾಲೂ ಇರುವುದು, ಧೂಳಿನ ರಸ್ತೆ, ಭಾರ ಎಳೆಯುವುದು. ಮಕ್ಕಳನ್ನು ಶಾಲೆಗೆ ಬಿಟ್ಟು ಬರಲಷ್ಟೇ ಬಳಸುವ ಕಾರು ಕೂಡ ಈ ಲೆಕ್ಕದಲ್ಲಿ ಕಠಿಣ ಬಳಕೆಯದೇ.

ಯಾಕೆ ಎಂದು ಎಂಜಿನ್ ಆಯಿಲ್ ಹೇಳುತ್ತದೆ. ಇಂಧನ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ, ಜೊತೆಗೆ ಉರಿಯದೆ ಉಳಿದ ಇಂಧನವೂ ಸ್ವಲ್ಪ, ಪಿಸ್ಟನ್ ರಿಂಗುಗಳ ಸಂದಿನಿಂದ ಆಯಿಲ್‌ಗೆ ಇಳಿಯುತ್ತದೆ. ದೂರದ ಪ್ರಯಾಣದಲ್ಲಿ ಆಯಿಲ್ ಪೂರ್ತಿ ಕಾದು ಇವೆರಡೂ ಆವಿಯಾಗಿ ಹೋಗುತ್ತವೆ. ಹತ್ತು ನಿಮಿಷದ ಓಡಾಟದಲ್ಲಿ ಟೆಂಪರೇಚರ್ ಮುಳ್ಳು ನಡುವಿಗೆ ಬಂದರೂ ಆಯಿಲ್ ಇನ್ನೂ ಕಾದಿರುವುದಿಲ್ಲ, ಏಕೆಂದರೆ ಅದು ಎಂಜಿನ್ ತಣಿಸುವ ಕೂಲಂಟ್‌ಗಿಂತ ತಡವಾಗಿ ಬಿಸಿಯಾಗುತ್ತದೆ. ಹೀಗೆ ತಿಂಗಳುಗಟ್ಟಲೆ ನೀರು, ಪೆಟ್ರೋಲ್ ಸೇರಿಕೊಂಡ ಆಯಿಲ್ ತೆಳ್ಳಗಾಗುತ್ತದೆ, ಆಮ್ಲೀಯವಾಗುತ್ತದೆ, ಕೊನೆಗೆ ಕೆಸರು ಕಟ್ಟುತ್ತದೆ.

ಹಾಗಾಗಿ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾವಣೆಗೆ ಎರಡು ಮಾತಿಲ್ಲದೆ ಹೂಂ ಅನ್ನಿ. ಕಾರಿನ ಆಯಸ್ಸನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೆಚ್ಚಿಸುವ ಕೆಲಸ ಮತ್ತೊಂದಿಲ್ಲ. ಇಂದಿನ ಸಿಂಥೆಟಿಕ್ ಆಯಿಲ್‌ಗೆ ತಯಾರಕರು ಸಾಮಾನ್ಯವಾಗಿ 10,000ದಿಂದ 15,000 ಕಿ.ಮೀ. ಅಥವಾ ಒಂದು ವರ್ಷ ಕೊಡುತ್ತಾರೆ. ಕೈಪಿಡಿ 10,000 ಎಂದಿರುವಾಗ 5,000ಕ್ಕೇ ಬನ್ನಿ ಎಂದು ಗಾಜಿನ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ, ನಿಮ್ಮದು ಕಠಿಣ ಬಳಕೆಯೇ ಎಂದು ನೋಡಿಕೊಳ್ಳಿ; ಅಲ್ಲವಾದರೆ ಸ್ಟಿಕ್ಕರ್ ಕಿತ್ತುಹಾಕಿ. ಬಣ್ಣ ನೋಡಿ ಆಯಿಲ್‌ನ ಆಯಸ್ಸು ಹೇಳಲಾಗದು. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿದರೆ ಸಾಕು, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಕಪ್ಪಾಗುತ್ತದೆ. ಮಸಿ ಎಂಜಿನ್ ಗೋಡೆಗೆ ಅಂಟದ ಹಾಗೆ ನೋಡಿಕೊಳ್ಳುವುದೇ ಅದರ ಕೆಲಸ.

ದುಬಾರಿ ಬ್ರ್ಯಾಂಡ್ ಬೇಕೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಡಬ್ಬಿಯ ಮುಂಭಾಗಕ್ಕಿಂತ ಹಿಂಭಾಗ ಮುಖ್ಯ. ಕೈಪಿಡಿ ಕೇಳಿದ ದಪ್ಪ, ಅಂದರೆ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಎಂಬ ಗುರುತು, ಮತ್ತು ಕೈಪಿಡಿ ಕೇಳಿದ ದರ್ಜೆ, ಉದಾಹರಣೆಗೆ ಎಪಿಐ ಎಸ್‌ಪಿ ಅಥವಾ ಎಸಿಇಎ ಸಿ3, ಇವೆರಡೂ ಹೊಂದಿದರೆ ಸಾಕು. ಡೀಸೆಲ್ ಕಾರಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಈ ದರ್ಜೆಯಲ್ಲಿ ರಾಜಿ ಬೇಡವೇ ಬೇಡ. ಬೂದಿ ಹೆಚ್ಚು ಬಿಡುವ ಆಯಿಲ್ ಹಾಕಿದರೆ ಆ ಬೂದಿ ಡಿಪಿಎಫ್‌ನಲ್ಲೇ ಕೂರುತ್ತದೆ, ಮಸಿಯ ಹಾಗೆ ಸುಟ್ಟು ಹೋಗುವುದಿಲ್ಲ.

ಆಯಿಲ್ ಬದಲಾವಣೆ ಸುಲಭದ ಕೆಲಸ ಎಂದೇ ಅದರಲ್ಲಿ ತಪ್ಪು ನುಸುಳುತ್ತದೆ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ಗ್ಯಾಸ್ಕೆಟ್ ಎಂಜಿನ್‌ಗೇ ಅಂಟಿಕೊಂಡು ಉಳಿಯುವುದುಂಟು. ಅದನ್ನು ಗಮನಿಸದೆ ಹೊಸ ಫಿಲ್ಟರ್ ತಿರುಗಿಸಿದರೆ ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಕೂರುತ್ತವೆ. ಗ್ಯಾರೇಜಿನಲ್ಲಿ ಏನೂ ಗೊತ್ತಾಗುವುದಿಲ್ಲ. ರಸ್ತೆಯಲ್ಲಿ ಒತ್ತಡ ಏರಿದಾಗ ಒಂದು ಜಾರಿ, ಕೆಲವೇ ನಿಮಿಷಗಳಲ್ಲಿ ಆಯಿಲ್ ಪೂರ್ತಿ ಹೊರಗೆ. ಹೊಸ ಫಿಲ್ಟರಿನ ಗ್ಯಾಸ್ಕೆಟ್‌ಗೆ ಬೆರಳಿನಿಂದ ಸ್ವಲ್ಪ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಬಿಗಿ ಮಾಡಬೇಕು. ಸ್ಪ್ಯಾನರ್ ಹಾಕಿ ಜಗ್ಗುವುದು ಬೇಡ. ಡ್ರೈನ್ ಬೋಲ್ಟಿನ ತಾಮ್ರದ ಅಥವಾ ಅಲ್ಯುಮಿನಿಯಂ ವಾಷರ್ ಒಮ್ಮೆ ಒತ್ತಿಕೊಂಡರೆ ಮುಗಿಯಿತು, ಪ್ರತಿ ಸಲ ಹೊಸದು ಬೇಕು. ಬಿಲ್ಲಿನಲ್ಲಿ ಆ ಚಿಕ್ಕ ವಾಷರ್ ಕಾಣದಿದ್ದರೆ ಕೇಳಿ. ಆಯಿಲ್ ಹೆಚ್ಚು ಹಾಕುವುದೂ ತಪ್ಪೇ: ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಬೇರಿಂಗ್ ಕಾಪಾಡುವ ಶಕ್ತಿ ಇಲ್ಲ.

ಆಯಿಲ್ ಜೊತೆಗೇ ಬರುವ ಇನ್ನೊಂದು ಸಾಲು ‘ಎಂಜಿನ್ ಫ್ಲಶ್’. ಬೇಡ ಅನ್ನಿ. ಕೊಳೆ ತೊಳೆಯುವ ರಾಸಾಯನಿಕ ಈಗಾಗಲೇ ಪ್ರತಿ ಲೀಟರ್ ಆಯಿಲ್‌ನಲ್ಲೂ ಇದೆ. ವೇಳೆಗೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್‌ನಲ್ಲಿ ತೊಳೆಯಲು ಏನೂ ಇರುವುದಿಲ್ಲ. ಬದಲಿಸದೆ ಕೆಸರು ಕಟ್ಟಿದ ಹಳೆಯ ಎಂಜಿನ್‌ನಲ್ಲಿ ಫ್ಲಶ್ ಹಾಕಿದರೆ ಕೆಸರು ತುಂಡುತುಂಡಾಗಿ ಎದ್ದು, ಆಯಿಲ್ ಪಂಪಿನ ಬಾಯಿಗೆ ಹಾಕಿರುವ ಜರಡಿಗೆ ಅಡ್ಡ ಕೂರಬಹುದು. ಅಂಥ ಎಂಜಿನ್‌ಗೆ ಒಳ್ಳೆಯ ಆಯಿಲ್ ಹಾಕಿ, ಎರಡು ಮೂರು ಸಲ ಬೇಗ ಬೇಗ ಬದಲಿಸುವುದೇ ಸುರಕ್ಷಿತ ದಾರಿ. ‘ಘರ್ಷಣೆ ಕಡಿಮೆ ಮಾಡುವ’ ಬಾಟಲಿಗಳಿಗೂ ಇದೇ ಉತ್ತರ.

ಈಗ ಬ್ರೇಕ್ ಆಯಿಲ್. ಜನ ಅತಿ ಹೆಚ್ಚು ನಿರ್ಲಕ್ಷಿಸುವುದು ಇದನ್ನೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಹೆಸರಿಗೆ ಆಯಿಲ್ ಆದರೂ ಇದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಮುಚ್ಚಿದ ವ್ಯವಸ್ಥೆಯಾದರೂ ರಬ್ಬರ್ ಹೋಸ್‌ಗಳ ಮೂಲಕ, ಮುಚ್ಚಳದ ಮೂಲಕ ತೇವ ಒಳಗೆ ಸೇರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ 3.7 ಶೇಕಡಾ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇವೇ ಸಂಖ್ಯೆಗಳು 205 ಮತ್ತು 140. ಉದ್ದನೆಯ ಘಾಟಿ ಇಳಿಯುವಾಗ ಮೇಲಿಂದ ಮೇಲೆ ಬ್ರೇಕ್ ತುಳಿದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ದ್ರವ ಅಷ್ಟು ಕಾಯುವುದು ಅಸಾಧ್ಯವೇನಲ್ಲ. ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಹಿಂಡಲಾಗುವುದಿಲ್ಲ, ಆವಿಯನ್ನು ಹಿಂಡಬಹುದು. ಕಾಲಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಖರ್ಚಾಗಿ, ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಊರೊಳಗಿನ ಓಡಾಟದಲ್ಲಿ ಇದರ ಸುಳಿವೇ ಸಿಗುವುದಿಲ್ಲ; ತೀರಾ ಬೇಕಾದ ಹೊತ್ತಿನಲ್ಲೇ ಕೈಕೊಡುವ ದೋಷ ಇದು.

ಅದಕ್ಕೇ ಬಹಳ ತಯಾರಕರು 2 ವರ್ಷಕ್ಕೊಮ್ಮೆ, ಕೆಲವರು 3 ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ, ಕಾರು ಎಷ್ಟೇ ಓಡಿರಲಿ. ಹೇಗೆ ಬದಲಿಸುತ್ತಾರೆ ಎಂಬುದನ್ನೂ ಗಮನಿಸಿ. ಬಾನೆಟ್ ಕೆಳಗಿನ ಡಬ್ಬಿಯಲ್ಲಿರುವುದನ್ನು ಸಿರಿಂಜಿನಿಂದ ಎಳೆದು ಹೊಸದು ತುಂಬಿಸಿ ‘ಆಯಿತು’ ಅಂದರೆ ಆಗಿಲ್ಲ. ಕುದಿಯುವ ಅಪಾಯ ಇರುವುದು ಚಕ್ರದ ಬಳಿಯ ದ್ರವಕ್ಕೆ. ನಾಲ್ಕೂ ಚಕ್ರಗಳ ಬ್ಲೀಡ್ ನಿಪ್ಪಲ್, ಅಂದರೆ ದ್ರವ ಹೊರಬಿಡುವ ಚಿಕ್ಕ ಸ್ಕ್ರೂ, ಸಡಿಲಿಸಿ, ಪಾರದರ್ಶಕ ಪೈಪಿನಲ್ಲಿ ಹೊಸ ದ್ರವದ ತಿಳಿ ಬಣ್ಣ ಬರುವವರೆಗೆ ಹಳೆಯದನ್ನು ಹೊರಗೆ ಬಿಡಬೇಕು. ಸಣ್ಣ ಕಾರಿಗೂ ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಬಿಲ್ಲಿನಲ್ಲಿ 250 ಮಿ.ಲೀ. ಎಂದಿದ್ದರೆ ಡಬ್ಬಿ ಮಾತ್ರ ತುಂಬಿಸಿದ್ದಾರೆ ಎಂದೇ ಅರ್ಥ. ಸೀಲ್ ಒಡೆದು ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಬಾಟಲಿಯೂ ಬೇಡ, ಅದು ಅಲ್ಲೇ ನೀರು ಕುಡಿದಿರುತ್ತದೆ. ಮೊದಲು ಕೇಳಿದ ನಾಲ್ಕರಲ್ಲಿ ಪ್ರಾಣಕ್ಕೆ ಕುತ್ತು ಅಂದದ್ದು ಇದನ್ನೇ.

ಬ್ರೇಕ್ ಪ್ಯಾಡ್‌ಗೆ ಬಂದರೆ ಲೆಕ್ಕ ಸರಳ. ಹೊಸದರಲ್ಲಿ ಸವೆಯುವ ಪದಾರ್ಥ ಸುಮಾರು 10ರಿಂದ 12 ಮಿ.ಮೀ. ಇರುತ್ತದೆ, 3 ಮಿ.ಮೀ.ಗೆ ಬಂದಾಗ ಬದಲಿಸಬೇಕು. ಅಲಾಯ್ ಚಕ್ರದ ಕಡ್ಡಿಗಳ ನಡುವೆ ಟಾರ್ಚ್ ಬಿಟ್ಟರೆ ಹೊರಗಿನ ಪ್ಯಾಡ್ ಕಾಣುತ್ತದೆ. ಅದನ್ನು ನೋಡಿ ನೆಮ್ಮದಿ ಪಡಬೇಡಿ. ಸಾಮಾನ್ಯ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಳಬದಿಗೆ. ಕ್ಯಾಲಿಪರ್ ಜಾರಬೇಕಾದ ಪಿನ್‌ಗಳು ತುಕ್ಕು ಹಿಡಿದು ಅಂಟಿಕೊಂಡರೆ ಒಳಗಿನ ಪ್ಯಾಡ್ ಒಂದೇ ದುಡಿದು ಲೋಹದವರೆಗೆ ಸವೆದಿರುತ್ತದೆ, ಹೊರಗಿನದು ಹೊಸದರಂತೆ ಇರುತ್ತದೆ. ಆದ್ದರಿಂದ ‘ಬ್ರೇಕ್ ಕ್ಲೀನಿಂಗ್ ಮತ್ತು ಗ್ರೀಸಿಂಗ್’ ಎಂಬ ಸಾಲು ಕ್ಲೀನಿಂಗ್ ಎಂಬ ಹೆಸರಿದ್ದರೂ ನಿಜವಾದ ಕೆಲಸ. ವರ್ಷಕ್ಕೊಮ್ಮೆ ಮಾಡಿಸಿ, ಮಳೆ ಅಥವಾ ಉಪ್ಪಿನ ಗಾಳಿ ಇರುವ ಕಡೆ ತಪ್ಪಿಸಬೇಡಿ. ಪಿನ್‌ಗೆ ಹಾಕುವುದು ರಬ್ಬರ್‌ಗೆ ಹೊಂದುವ ಬ್ರೇಕ್ ಗ್ರೀಸ್ ಆಗಿರಬೇಕು. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಮತ್ತೆ ಬಿಗಿಯಾಗುತ್ತದೆ. ಡಿಸ್ಕ್ ಬದಲಿಸಬೇಕು ಅಂದರೆ, ಕನಿಷ್ಠ ದಪ್ಪ ಎಷ್ಟು ಎಂದು ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಅದರ ಪಕ್ಕದಲ್ಲಿ ಮೈಕ್ರೊಮೀಟರ್ ಅಳತೆ ಇಟ್ಟು ತೋರಿಸಲಿ.

ಇಲ್ಲಿಯವರೆಗೆ ಹೇಳಿದ್ದು ಗ್ಯಾರೇಜಿನವರೇ ನೆನಪಿಸುವ ಕೆಲಸಗಳು. ಯಾರೂ ನೆನಪಿಸದೆ ಹೋಗಬಹುದಾದ, ಆದರೆ ಮರೆತರೆ ಎಂಜಿನನ್ನೋ ಗೇರ್‌ಬಾಕ್ಸನ್ನೋ ಬಲಿ ತೆಗೆದುಕೊಳ್ಳುವ ಮೂರು ಕೆಲಸಗಳಿವೆ.

ಮೊದಲನೆಯದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್ ಮತ್ತು ಪಿಸ್ಟನ್‌ಗಳ ಓಟವನ್ನು ಹೊಂದಿಸುವ ಪಟ್ಟಿ. ನಿಮ್ಮ ಎಂಜಿನ್‌ನಲ್ಲಿ ಇರುವುದು ಬೆಲ್ಟೋ ಚೈನೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬೆಲ್ಟ್ ಆದರೆ, ಎಂಜಿನ್ನಿಗೆ ತಕ್ಕಂತೆ 60,000ದಿಂದ 1,60,000 ಕಿ.ಮೀ. ಒಳಗೆ ಎಲ್ಲೋ ಒಂದು ಅವಧಿ ಇರುತ್ತದೆ, ಜೊತೆಗೆ ವರ್ಷದ ಮಿತಿಯೂ ಇರುತ್ತದೆ, ಏಕೆಂದರೆ ರಬ್ಬರಿಗೆ ಓಡದಿದ್ದರೂ ವಯಸ್ಸಾಗುತ್ತದೆ. ಅದು ಹರಿಯುವ ಮುನ್ನ ಸದ್ದು ಮಾಡುತ್ತದೆಂಬ ಭರವಸೆ ಇಲ್ಲ. ಇಂದಿನ ಬಹುಪಾಲು ಎಂಜಿನ್‌ಗಳಲ್ಲಿ ವಾಲ್ವ್ ಮತ್ತು ಪಿಸ್ಟನ್ ಒಂದೇ ಜಾಗಕ್ಕೆ ಬೇರೆ ಬೇರೆ ಕ್ಷಣದಲ್ಲಿ ಬಂದು ಹೋಗುತ್ತವೆ. ಬೆಲ್ಟ್ ಹರಿದರೆ ಒಂದೇ ಕ್ಷಣಕ್ಕೆ ಬಂದು ಢಿಕ್ಕಿ ಹೊಡೆಯುತ್ತವೆ. ವಾಲ್ವ್ ಬಾಗುತ್ತದೆ, ಕೆಲವೊಮ್ಮೆ ಪಿಸ್ಟನ್ನೂ ತೂತಾಗುತ್ತದೆ. ಬೆಲ್ಟ್ ಬದಲಿಸುವಾಗ ಟೆನ್ಷನರ್, ಐಡ್ಲರ್ ಬೇರಿಂಗ್‌ಗಳನ್ನೂ ಬದಲಿಸಿ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುತ್ತಿದ್ದರೆ ಅದನ್ನೂ. ಖರ್ಚಿನ ದೊಡ್ಡ ಪಾಲು ಬಿಚ್ಚಿ ಜೋಡಿಸುವ ಕೂಲಿ. ಪಂಪ್ ಆರು ತಿಂಗಳ ಮೇಲೆ ಸೋರಿದರೆ ಅದೇ ಕೂಲಿ ಮತ್ತೆ ಕೊಡಬೇಕಾಗುತ್ತದೆ.

ಎರಡನೆಯದು ಕೂಲಂಟ್. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಅರ್ಧರ್ಧ ಬೆರೆತಾಗ ಅದು ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ, ಒತ್ತಡದ ಮುಚ್ಚಳದ ಕೆಳಗೆ ನೀರಿಗಿಂತ ಸಾಕಷ್ಟು ತಡವಾಗಿ ಕುದಿಯುತ್ತದೆ. ಬರೀ ಗ್ಲೈಕಾಲ್ ಹಾಕಿದರೆ ಇನ್ನೂ ಚೆನ್ನ ಎಂದು ತೋರಬಹುದು. ಹಾಗಲ್ಲ. ಶುದ್ಧ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಗಟ್ಟಿಯಾಗುತ್ತದೆ, ಶಾಖವನ್ನೂ ಕಡಿಮೆ ಒಯ್ಯುತ್ತದೆ. ಕೂಲಂಟ್‌ನಲ್ಲಿ ಮೊದಲು ಸವೆಯುವುದು ತುಕ್ಕು ತಡೆಯುವ ರಾಸಾಯನಿಕ. ಅದು ಮುಗಿದ ಮೇಲೆ ಅಲ್ಯುಮಿನಿಯಂ ಭಾಗಗಳು ಒಳಗಿಂದ ಕೊರೆದುಹೋಗುತ್ತವೆ. ಹಸಿರು, ಕೆಂಪು, ನೀಲಿ, ಗುಲಾಬಿ ಎಂಬ ಬಣ್ಣಗಳಿಗೆ ಯಾವ ಏಕರೂಪದ ನಿಯಮವೂ ಇಲ್ಲ. ಒಂದೇ ಬಣ್ಣದ ಎರಡು ಬಾಟಲಿಯಲ್ಲಿ ಬೇರೆ ಬೇರೆ ರಸಾಯನ ಇರಬಹುದು. ಕೈಪಿಡಿ ಹೇಳಿದ ದರ್ಜೆಯನ್ನೇ ಕೊಳ್ಳಿ. ‘ಬೆರೆಸಿ ಸಿದ್ಧವಾದ’ ಕೂಲಂಟ್ ಆದರೆ ನೀರು ಸೇರಿಸಬೇಡಿ, ಗಾಢ ದ್ರವವಾದರೆ ಡಿಸ್ಟಿಲ್ಡ್ ನೀರಿನಲ್ಲೇ ಬೆರೆಸಿ. ನಲ್ಲಿ, ಬೋರ್‌ವೆಲ್ ನೀರಿನ ಸುಣ್ಣ ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆರೆಯಬೇಡಿ; ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ.

ಮೂರನೆಯದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್. ‘ಜೀವನಪರ್ಯಂತ ಬದಲಿಸಬೇಕಿಲ್ಲ’ ಎಂದು ಕೆಲವು ಕಾರುಗಳ ಬಗ್ಗೆ ಹೇಳುತ್ತಾರೆ. ಯಾರ ಜೀವನ ಎಂದು ಕೇಳಬೇಕು. ಕಾರನ್ನು 2,00,000 ಕಿ.ಮೀ. ದಾಟಿಸುವ ಮನಸ್ಸಿದ್ದರೆ 60,000ದಿಂದ 1,00,000 ಕಿ.ಮೀ. ನಡುವೆ ಬದಲಿಸುವುದು ಬುದ್ಧಿವಂತಿಕೆ. ಕೆಳಗಿನ ಬೋಲ್ಟ್ ಬಿಚ್ಚಿದರೆ ಪೂರ್ತಿ ಆಯಿಲ್ ಬರುವುದಿಲ್ಲ. ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಅರ್ಧಕ್ಕಿಂತ ಹೆಚ್ಚು ಉಳಿಯುವುದುಂಟು. ಅದರಲ್ಲಿ ತಪ್ಪೇನಿಲ್ಲ. ಒಮ್ಮೆ ಸುರಿಸಿ ತುಂಬಿಸಿ, ಸ್ವಲ್ಪ ಓಡಿಸಿ, ಇನ್ನೊಮ್ಮೆ ಮಾಡಿದರೆ ಬಹುಪಾಲು ಹೊಸದಾಗುತ್ತದೆ. ಮಟ್ಟ ನೋಡುವುದು ಮಾತ್ರ ಆಯಿಲ್ ನಿಗದಿತ ಉಷ್ಣತೆಯಲ್ಲಿದ್ದಾಗಲೇ. ತಣ್ಣಗಿರುವಾಗ ನೋಡಿ ತುಂಬಿಸಿದರೆ ಅಳತೆ ತಪ್ಪುತ್ತದೆ. ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟು ಮತ್ತು ಕಪ್ಪಿ ಇರುವ ಆಟೋಮ್ಯಾಟಿಕ್, ಆದರೆ ಆಯಿಲ್ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಬೇಡಿ. ಅಲ್ಲಿ ಉಕ್ಕಿನ ಬೆಲ್ಟು ಕಪ್ಪಿಯನ್ನು ಹಿಡಿದು ಎಳೆಯಲು ಆಯಿಲ್‌ನದೇ ನಿಗದಿತ ಹಿಡಿತ ಬೇಕು. ‘ಎಲ್ಲಾ ಕಾರಿಗೂ ಆಗುತ್ತದೆ’ ಎಂಬ ಆಯಿಲ್ ಹಾಕಿದರೆ ಬೆಲ್ಟು ಜಾರಿ, ಕಪ್ಪಿಯ ಮೇಲೆ ಗೀರು ಬೀಳುತ್ತದೆ. ಆಮೇಲೆ ಸರಿಯಾದ ಆಯಿಲ್ ಹಾಕಿದರೂ ಗೀರು ಹೋಗುವುದಿಲ್ಲ.

ಡೀಸೆಲ್ ಕಾರಿನವರಿಗೆ ಒಂದು ಮಾತು ಸೇರಿಸುತ್ತೇನೆ. ಡೀಸೆಲ್ ಫಿಲ್ಟರ್ ಅವಧಿ ಮೀರಿಸಬೇಡಿ. ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರ್‌ಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ 2,000 ಬಾರ್‌ನಷ್ಟು ಏರುತ್ತದೆ, ಇಂಧನ ಸಿಂಪಡಿಸುವ ಇಂಜೆಕ್ಟರ್ ಒಳಗಿನ ಸಂದುಗಳನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತಾರೆ. ಫಿಲ್ಟರ್ ಕೆಳಗೆ ಕೂತ ಹನಿ ನೀರು ಅಲ್ಲಿಗೆ ತಲುಪಿದರೆ ಒಂದು ಫಿಲ್ಟರಿನಲ್ಲಿ ಉಳಿಸಿದ ದುಡ್ಡಿನ ಹತ್ತಾರು ಪಟ್ಟು ಹೋಗುತ್ತದೆ.

ಇನ್ನು ಇಂಜೆಕ್ಟರ್ ಕ್ಲೀನಿಂಗ್. ಪೆಟ್ರೋಲ್ ಕಾರಿನಲ್ಲಿ ಇದನ್ನು ಪ್ರತಿ ಸರ್ವಿಸ್‌ಗೂ ಮಾಡಿಸುವ ಅಗತ್ಯವಿಲ್ಲ. ಒಳ್ಳೆಯ ಪೆಟ್ರೋಲಿನಲ್ಲೇ ಕೊಳೆ ಕಳೆಯುವ ರಾಸಾಯನಿಕ ಬೆರೆಸಿರುತ್ತಾರೆ. ಎಂಜಿನ್ ತಡವರಿಸುತ್ತಿದೆ, ಸ್ಕ್ಯಾನರ್‌ನಲ್ಲಿ ಮಿಸ್‌ಫೈರ್ ಅಥವಾ ಇಂಧನ ಕಡಿಮೆ ಎಂಬ ಕೋಡ್ ಇದೆ ಎಂದಾದರೆ ಮಾತ್ರ ಯೋಚಿಸಿ. ಒಂದು ಅಪವಾದ ಇದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್‌ಗಳ ಹಿಂಬದಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಹಾಗಾಗಿ ಅಲ್ಲಿ ಕಾರ್ಬನ್ ಪದರಪದರವಾಗಿ ಬೆಳೆಯುತ್ತದೆ. ಟ್ಯಾಂಕಿಗೆ ಸುರಿಯುವ ಯಾವ ಬಾಟಲಿಯೂ ಅಲ್ಲಿಗೆ ತಲುಪದು ಎಂಬುದು ಈ ವಿವರಣೆಯಿಂದಲೇ ಗೊತ್ತಾಗುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಒದರುತ್ತಿದ್ದರೆ ಕ್ಯಾಮೆರಾ ಇಳಿಸಿ ವಾಲ್ವ್‌ನ ಫೋಟೊ ತೋರಿಸಲು ಹೇಳಿ. ಪದರ ದಪ್ಪಗಿದ್ದರೆ ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಊದಿ ಕೆರೆಯುತ್ತಾರೆ. ಆ ಕೆಲಸಕ್ಕೆ ಕೊಟ್ಟ ಹಣ ಸಾರ್ಥಕ.

ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯೂ ಹೀಗೇ. ನಿಂತಾಗ ಆರ್‌ಪಿಎಂ ಏರಿಳಿಯುತ್ತಿದ್ದರೆ, ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುತ್ತಿದ್ದರೆ ಮಾಡಿಸಿ. ಆಮೇಲೆ ಐಡಲ್ ರೀಲರ್ನ್, ಅಂದರೆ ನಿಂತಾಗಿನ ಆರ್‌ಪಿಎಂ ಅನ್ನು ಕಂಪ್ಯೂಟರ್‌ಗೆ ಮತ್ತೆ ಕಲಿಸುವ ಕೆಲಸ, ಮಾಡಿದರೇ ಎಂದು ಕೇಳಿ. ತೊಂದರೆ ಇಲ್ಲದಿದ್ದರೆ ಬೇಡ.

ಎಸಿ ಗ್ಯಾಸ್ ಟಾಪ್‌ಅಪ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ, ಮುಚ್ಚಿದ ನಾಳಗಳಲ್ಲಿ ಸುತ್ತುತ್ತಿರುತ್ತದೆ. ಐದಾರು ವರ್ಷದಲ್ಲಿ ಹೋಸ್‌ಗಳ ಮೂಲಕ ಚೂರು ಇಂಗಬಹುದು, ಅಷ್ಟೇ. ಪ್ರತಿ ಬೇಸಿಗೆಗೂ ಕಮ್ಮಿಯಾಗುತ್ತಿದೆ ಎಂದರೆ ಸೋರಿಕೆ ಇದೆ, ಅದನ್ನು ಹುಡುಕದೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಗ್ಯಾಸ್ ಜೊತೆಗೆ ಕಂಪ್ರೆಸರ್‌ನ ಆಯಿಲ್ ಕೂಡ ಹೋಗುತ್ತಿರುತ್ತದೆ. ಬಾನೆಟ್ ಕೆಳಗಿನ ಲೇಬಲ್‌ನಲ್ಲಿ ಗ್ಯಾಸ್‌ನ ಬಗೆ ಮತ್ತು ಎಷ್ಟು ಗ್ರಾಂ ಎಂಬುದು ಬರೆದಿರುತ್ತದೆ. ಸರಿಯಾದ ಕ್ರಮವೆಂದರೆ ಉಳಿದ ಗ್ಯಾಸನ್ನು ಯಂತ್ರದಿಂದ ಎಳೆದು ತೂಗುವುದು, ವ್ಯಾಕ್ಯೂಮ್ ಮಾಡಿ ನಿಲ್ಲುತ್ತದೆಯೇ ನೋಡುವುದು, ಆಮೇಲೆ ಲೇಬಲ್‌ನಲ್ಲಿರುವಷ್ಟು ಗ್ರಾಂ ತುಂಬಿಸುವುದು. “ಎಷ್ಟು ಗ್ರಾಂ ಹೊರಗೆ ಬಂತು?” ಎಂದು ಕೇಳಿ. ಗಾಳಿಯೇ ಸರಿಯಾಗಿ ಬರುತ್ತಿಲ್ಲ ಅಂದರೆ ತೊಂದರೆ ಗ್ಯಾಸ್‌ನದಾಗಿರಲಿಕ್ಕಿಲ್ಲ, ಎಸಿ ಫಿಲ್ಟರ್ ಕಟ್ಟಿಕೊಂಡಿರಬಹುದು.

ಆ ಫಿಲ್ಟರ್ ಮತ್ತು ಎಂಜಿನ್ನಿನ ಏರ್ ಫಿಲ್ಟರ್, ಇವೆರಡರ ಕೂಲಿ ಉಳಿಸಿ. ಎಸಿ ಫಿಲ್ಟರ್ ಸಾಮಾನ್ಯವಾಗಿ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ. ಎರಡು ಬದಿಯ ತಡೆಗಳನ್ನು ಒಳಗೆ ಒತ್ತಿ ಬಾಕ್ಸ್ ಇಳಿಸಿದರೆ ಮುಚ್ಚಳ ಕಾಣುತ್ತದೆ. ಹೊಸದರ ಬಾಣದ ಗುರುತು ಹಳೆಯದು ಇದ್ದ ದಿಕ್ಕಿಗೇ ಇರಲಿ. ಎಂಜಿನ್ ಏರ್ ಫಿಲ್ಟರ್‌ಗೆ ನಾಲ್ಕು ಕ್ಲಿಪ್ ಅಥವಾ ಸ್ಕ್ರೂ. ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಮತ್ತೆ ಬಳಸುವುದರಿಂದ ಕಾಗದದ ಮಡಿಕೆಗಳಲ್ಲಿ ಕಣ್ಣಿಗೆ ಕಾಣದ ತೂತು ಬೀಳಬಹುದು. ಕೊಳೆ ಫಿಲ್ಟರ್‌ನಿಂದ ಮೈಲೇಜ್ ಬೀಳುತ್ತದೆ ಎಂಬ ಹಳೆಯ ಮಾತೂ ಇದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿತು. ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಮೈಲೇಜ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ, ವೇಗ ಪಡೆಯುವ ಶಕ್ತಿ ಮಾತ್ರ ಕುಂದಿತು. ಎಷ್ಟು ಗಾಳಿ ಬರುತ್ತದೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನೇ ಕಂಪ್ಯೂಟರ್ ಬಿಡುತ್ತದೆ. ಫಿಲ್ಟರ್ ಬದಲಿಸಿ, ಮೈಲೇಜಿಗಾಗಿ ಅಲ್ಲ, ಎಂಜಿನ್ ಒಳಗೆ ಧೂಳು ಹೋಗದಿರಲಿ ಎಂದು.

ವೀಲ್ ಅಲೈನ್‌ಮೆಂಟ್‌ಗೆ 5,000 ಕಿ.ಮೀ.ಗೊಮ್ಮೆ ದುಡ್ಡು ಕೊಡಬೇಕಾಗಿಲ್ಲ. ಸ್ಟಿಯರಿಂಗ್ ಒಂದು ಕಡೆಗೆ ಎಳೆದರೆ, ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಓರೆಯಾಗಿ ನಿಂತರೆ, ದೊಡ್ಡ ಗುಂಡಿಗೆ ಬಿದ್ದರೆ, ಸಸ್ಪೆನ್ಷನ್ ಭಾಗ ಬದಲಿಸಿದರೆ, ಹೊಸ ಟೈರ್ ಹಾಕಿಸಿದರೆ ಮಾಡಿಸಿ. ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಒಮ್ಮೆ ಒಳಗೆ, ಒಮ್ಮೆ ಹೊರಗೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ತಾಗಿದರೆ ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ. ಯಂತ್ರ ಕೊಡುವ ಮೊದಲಿನ ಮತ್ತು ನಂತರದ ಅಳತೆಯ ಕಾಗದ ಎರಡೂ ಕೇಳಿ ತೆಗೆದುಕೊಳ್ಳಿ. ಮೊದಲಿನ ಅಳತೆಯೇ ಹಸಿರು ಗೆರೆಯೊಳಗಿದ್ದರೆ ತಿದ್ದಲು ಏನೂ ಇರಲಿಲ್ಲ. 80ರಿಂದ 110 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಅದು ಬ್ಯಾಲೆನ್ಸಿಂಗ್ ವಿಷಯ. ಟೈರ್‌ಗಳನ್ನು 10,000 ಕಿ.ಮೀ.ಗೊಮ್ಮೆ ಹಿಂದೆ ಮುಂದೆ ಬದಲಿಸುವುದು ಉಪಯುಕ್ತ. ನೈಟ್ರೋಜನ್‌ಗೆ ಹಣ ಬೇಡ, ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇಕಡಾ 78 ಇದೆ. ತಿಂಗಳಿಗೊಮ್ಮೆ ಟೈರ್ ತಣ್ಣಗಿರುವಾಗ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವಷ್ಟು ಗಾಳಿ ಇದೆಯೇ ಎಂದು ನೋಡುವುದರಿಂದ ಅದಕ್ಕಿಂತ ಹೆಚ್ಚು ಲಾಭ.

ಬ್ಯಾಟರಿ ಬಗ್ಗೆ ಚಿಕ್ಕದಾಗಿ. ಕಾರು ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಆದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಹೋದರೆ ಬಹುತೇಕ ಖಾಲಿ. ವೋಲ್ಟೇಜ್ ಚಾರ್ಜನ್ನಷ್ಟೇ ಹೇಳುತ್ತದೆ, ಆರೋಗ್ಯ ಹೇಳಲು ಲೋಡ್ ಟೆಸ್ಟ್ ಬೇಕು. ಅದರ ಚೀಟಿ ನೋಡದೆ ಹೊಸ ಬ್ಯಾಟರಿಗೆ ಒಪ್ಪಬೇಡಿ. ಇಂಧನ ಉಳಿಸಲು ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ಕಾರಿಗೆ ಎಜಿಎಂ ಅಥವಾ ಇಎಫ್‌ಬಿ ಬಗೆಯ ಬ್ಯಾಟರಿಯೇ ಬೇಕು, ಮಾಮೂಲಿಯದು ಬೇಗ ಸಾಯುತ್ತದೆ.

ಬಿಲ್ಲಿನಲ್ಲಿ ‘ಪವರ್ ಸ್ಟಿಯರಿಂಗ್ ಆಯಿಲ್’ ಎಂದಿದ್ದರೆ ನಿಮ್ಮ ಕಾರಿನದು ಎಲೆಕ್ಟ್ರಿಕ್ ಸ್ಟಿಯರಿಂಗ್ ಅಲ್ಲವಷ್ಟೇ ಎಂದು ನೋಡಿಕೊಳ್ಳಿ. ಈಚಿನ ಬಹುತೇಕ ಕಾರುಗಳದ್ದು ಮೋಟಾರ್, ಆಯಿಲ್ ಇರುವುದೇ ಇಲ್ಲ. ತಳಕ್ಕೆ ಕಪ್ಪು ರಬ್ಬರ್ ಕೋಟಿಂಗ್ ಹಳೆಯ ತುಕ್ಕಿನ ಮೇಲೆ ಬಳಿದರೆ ತೇವ ಒಳಗೇ ಸಿಕ್ಕಿ ತುಕ್ಕು ಮರೆಯಲ್ಲಿ ಬೆಳೆಯುತ್ತದೆ. ಬಾಗಿಲುಗಳ ತಳದಲ್ಲಿ ನೀರು ಇಳಿಯುವ ತೂತುಗಳನ್ನು ಕೋಟಿಂಗ್ ಮುಚ್ಚಿದರೆ ಇನ್ನೂ ಕೆಡುಕು.

ಎಲೆಕ್ಟ್ರಿಕ್ ಕಾರಿಗೆ ಸರ್ವಿಸ್ಸೇ ಬೇಡ ಎಂಬ ನಂಬಿಕೆಯೂ ಹರಡಿದೆ. ಎಂಜಿನ್ ಆಯಿಲ್, ಪ್ಲಗ್ಗು, ಟೈಮಿಂಗ್ ಬೆಲ್ಟ್ ಇಲ್ಲ, ನಿಜ. ಬ್ರೇಕ್ ಆಯಿಲ್ ಅದೇ, ಅದೂ ಅಷ್ಟೇ ನೀರು ಕುಡಿಯುತ್ತದೆ. ಮೋಟಾರೇ ಕಾರನ್ನು ನಿಧಾನಿಸುವುದರಿಂದ ಪ್ಯಾಡ್‌ಗಳು ಬಹಳ ಕಾಲ ಸವೆಯುವುದಿಲ್ಲ, ಆದರೆ ಬಳಕೆ ಇಲ್ಲದೆ ಪಿನ್ ಮತ್ತು ಡಿಸ್ಕ್ ತುಕ್ಕು ಹಿಡಿಯುತ್ತವೆ. ಅಲ್ಲಿ ಬ್ರೇಕ್ ಗ್ರೀಸಿಂಗ್ ಮೊದಲಿಗಿಂತ ಮುಖ್ಯವಾಗುತ್ತದೆ. ಭಾರ ಹೆಚ್ಚಿರುವುದರಿಂದ ಟೈರ್ ಕೂಡ ಬೇಗ ಸವೆಯುತ್ತದೆ.

ಕೊನೆಗೆ, ಕೆಲಸ ಮುಗಿದು ಕೀಲಿ ಕೈಗೆ ಬಂದಾಗ ಐದು ನಿಮಿಷ ಅಲ್ಲೇ ನಿಲ್ಲಿ. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಲು ಹೇಳಿ. ಇದನ್ನು ಕಾರು ಬಿಡುವಾಗಲೇ ಹೇಳಿದ್ದರೆ ಎತ್ತಿಟ್ಟಿರುತ್ತಾರೆ. ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇರಬೇಕು. ಚಕ್ರ ಬಿಚ್ಚಿದ್ದರೆ ನಟ್‌ಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿದರೇ ಎಂದು ಕೇಳಿ. ಇಂಪ್ಯಾಕ್ಟ್ ಗನ್ ಒಂದರಲ್ಲೇ ಬಿಗಿದರೆ ಸ್ಟಡ್ ಹಿಗ್ಗಬಹುದು, ಪಂಕ್ಚರ್ ಆದ ದಿನ ನಿಮ್ಮ ಕೈಗೆ ಬಿಚ್ಚಲೂ ಬಾರದು. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಪ್ಯಾಡ್ ಬದಲಿಸಿದ್ದರೆ ಕಾರು ಕದಲಿಸುವ ಮೊದಲು ಬ್ರೇಕ್ ಪೆಡಲನ್ನು ಐದಾರು ಸಲ ತುಳಿಯಿರಿ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ, ಹಾಗಾಗಿ ಮೊದಲ ತುಳಿತಕ್ಕೆ ಪೆಡಲ್ ನೆಲಕ್ಕೇ ಹೋಗುತ್ತದೆ; ಕಾಲಿಗೆ ಗಟ್ಟಿ ಸಿಕ್ಕ ಮೇಲೆಯೇ ಗೇರ್ ಹಾಕಿ. ಮಾರನೆಯ ಬೆಳಿಗ್ಗೆ ಕಾರು ತೆಗೆದ ಮೇಲೆ ನೆಲದ ಮೇಲೆ ಹನಿ ಬಿದ್ದಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ.